ಬಾಗಿಲು ಮುಚ್ಚಿದ ಅಡುಗೆಮನೆ

ಜಾಗೊರ್ಕಾಳ ಅಡುಗೆಮನೆಗೆ ಬೆಳಗಿನ ಕಾಫಿಗೆ ಯಾರನ್ನೂ ಕರೆಯಬೇಕಾಗಿರಲಿಲ್ಲ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನೊರೆ ಏಳುವ ಹೊತ್ತಿಗೆ ಮನೆಗಳ ನಡುವಿನ ಅಂಗಳದ ಆಚೆ ಬದಿಯ ಬಾಗಿಲು ಕಿರುಗುಟ್ಟುತ್ತಿತ್ತು. ಕೊಸಾರಾ ಹೆಗಲ ಮೇಲೆ ಕೋಟು ಹೊದ್ದು ಬಂದು ಒಲೆಗೆ ಹತ್ತಿರದ ಕುರ್ಚಿ ಹಿಡಿಯುತ್ತಿದ್ದಳು. ಅವಳ ಹಿಂದೆಯೇ ಸ್ತಾನಾ. ಮೂವರೂ ಒಂದು ಕಾಲಕ್ಕೆ ಲೆಸ್ಕೊವಾತ್ಸ್‌ನ ಬಟ್ಟೆ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗಗಳಲ್ಲಿ ನಿಂತವರು. ಗಿರಣಿ ಮುಚ್ಚಿತು, ಗಂಡಂದಿರು ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದದ್ದು ಈ ಕಾಫಿ, ಕಾಫಿಯ ಜೊತೆಗೆ ಸಿಗರೇಟು.

ಚಳಿ ಶುರುವಾಗುವ ಮೊದಲೇ ಜಾಗೊರ್ಕಾ ಕಿಟಕಿಯ ಸಂದುಗಳಿಗೆ ಹಳೆಯ ಬಟ್ಟೆ ತುರುಕಿ, ಬಾಗಿಲ ಬುಡಕ್ಕೆ ಮರಳು ತುಂಬಿದ ಉದ್ದನೆಯ ಚೀಲ ಇಟ್ಟಿದ್ದಳು. ಕಿಟಕಿ ಬಾಗಿಲುಗಳ ನಡುವೆ ಹಾಯುವ ಸಂದಿಗಾಳಿಗೆ ಆ ಅಂಗಳದಲ್ಲಿ ಹೆದರದವರೇ ಇಲ್ಲ. ಅದು ತಗುಲಿದರೆ ಕತ್ತು ಹಿಡಿಯುತ್ತದೆ, ಕಿವಿ ಸೋರುತ್ತದೆ, ಬಾಯಿ ಸೊಟ್ಟಗಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಬೇಸಿಗೆಯ ಬಸ್ಸಿನಲ್ಲಿ ಬೆವರಿ ತೊಪ್ಪೆಯಾದರೂ ಎರಡು ಕಿಟಕಿ ಒಟ್ಟಿಗೆ ತೆರೆಯಲು ಯಾರೂ ಬಿಡುತ್ತಿರಲಿಲ್ಲ. ಹೊಗೆಗೆ ಮಾತ್ರ ಯಾರೂ ಹೆದರುತ್ತಿರಲಿಲ್ಲ. ಹೊಗೆ ಬೆಚ್ಚಗಿರುತ್ತಿತ್ತು.

ಒಲೆಯ ಹಿಂದಿನ ಮೂಲೆಯಲ್ಲಿ ಮೊಮ್ಮಗಳು ನೇದಾಳ ಹಾಸಿಗೆ. ಚಳಿಗಾಲ ಪೂರ್ತಿ ಬೆಚ್ಚಗಿಡುವುದು ಆ ಒಂದೇ ಕೋಣೆಯನ್ನು. ಇನ್ನೊಂದು ಕೋಣೆಯಲ್ಲಿ ವಸಂತ ಬರುವ ತನಕ ಸೇಬುಗಳೂ ಉಪ್ಪಿನಕಾಯಿ ಪೀಪಾಯಿಯೂ ಇರುತ್ತಿದ್ದವು. ಐದು ವರ್ಷದ ಹುಡುಗಿ ಅಲ್ಲೇ ಏಳುತ್ತಿದ್ದಳು, ಅಲ್ಲೇ ಆಡುತ್ತಿದ್ದಳು, ಅಲ್ಲೇ ಕೆಮ್ಮುತ್ತಿದ್ದಳು.

ಆ ಬೆಳಿಗ್ಗೆ ಅವಳು ಎದ್ದು ಕೂತು ಮುಖ ಕೆಂಪಗಾಗುವಷ್ಟು ಕೆಮ್ಮಿದಾಗ ಮೂವರೂ ಮಾತು ನಿಲ್ಲಿಸಿದರು.

"ಶಿಶುವಿಹಾರದ ಆ ಹೊಸ ಟೀಚರು ಕಿಟಕಿ ತೆಗೀತಾಳಂತೆ ಕಣೇ, ಈ ಚಳೀಲಿ," ಎಂದಳು ಕೊಸಾರಾ, ಹೊಗೆಯನ್ನು ಮಗುವಿನ ಕಡೆ ಹೋಗದಂತೆ ತುಟಿಯ ಓರೆಯಿಂದ ಬಿಡುತ್ತ. "ಮಕ್ಕಳನ್ನ ದಾರಕ್ಕೆ ಪೋಣಿಸಿ ಒಣಹಾಕೋ ಮೆಣಸಿನಕಾಯಿ ಅಂದ್ಕೊಂಡಿದಾಳೆ ಅವಳು."

ಜಾಗೊರ್ಕಾ ನಗಲಿಲ್ಲ. ಮರುದಿನವೇ ನಗರದ ಮಕ್ಕಳ ಆಸ್ಪತ್ರೆಗೆ ಹೋಗಬೇಕಿತ್ತು. ನೇದಾಳ ಕಿಬ್ಬೊಟ್ಟೆಯ ಕೆಳಗೆ, ಅತ್ತಾಗಲೆಲ್ಲ, ಒಂದು ಗಂಟು ಉಬ್ಬಿ ಬರುತ್ತಿತ್ತು. ಹರ್ನಿಯಾ, ಎರಡೂ ಕಡೆ ಇದೆ, ಸಣ್ಣ ತೂತು ಮಾಡಿ ಒಳಗಿನಿಂದಲೇ ಹೊಲಿದುಬಿಡುತ್ತೇವೆ ಎಂದು ಬೇಸಿಗೆಯಲ್ಲೇ ಹೇಳಿದ್ದರು. ಸರದಿ ಬಂದದ್ದು ಈಗ. ಈಗ ತಪ್ಪಿದರೆ ಮುಂದಿನ ಸರದಿ ಯಾವಾಗಲೋ. ಅಷ್ಟರೊಳಗೆ ಆ ಗಂಟು ಸಿಕ್ಕಿಹಾಕಿಕೊಂಡರೆ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಕೆಮ್ಮಿನ ವಿಷಯ ಹೇಳಲೋ ಬೇಡವೋ ಎಂದು ಅವಳು ಕೇಳಿದಳು. ಸ್ತಾನಾ ತನ್ನ ತಂಗಿಯ ಮಗನ ಕಥೆ ತೆಗೆದಳು: ಮೂಗು ಸೋರುತ್ತಿದೆ ಎಂದದ್ದೇ ತಡ, ಬಟ್ಟೆ ಬದಲಾಯಿಸಿದ್ದ ಹುಡುಗನನ್ನು ಹಾಗೇ ಮನೆಗೆ ಕಳಿಸಿದ್ದರಂತೆ. ಕೊಸಾರಾ ಕಾಫಿ ಗಸಿಯಲ್ಲಿ ಭವಿಷ್ಯ ನೋಡಲೆಂದು ಬಟ್ಟಲನ್ನು ತಟ್ಟೆಯ ಮೇಲೆ ಕವುಚಿಟ್ಟಳು.

"ಸಂದಿಗಾಳಿ ಹೊಡೆದ ಕೆಮ್ಮು ಕಾಯಿಲೆ ಅಲ್ಲ. ಕಾಯಿಲೆ ಅಲ್ಲದ್ದನ್ನ ಡಾಕ್ಟರಿಗೆ ಯಾಕೆ ಹೇಳ್ಬೇಕು? ಎದೆಗೆ ರಾಕಿಯಾ ತಿಕ್ಕು, ಜೇನು ಕೊಡು, ಬಾಯಿ ಮುಚ್ಕೊಂಡಿರು."

ಜಾಗೊರ್ಕಾ ಹಾಗೇ ಮಾಡಿದಳು. ಪ್ಲಮ್ ಹಣ್ಣಿನ ಸಾರಾಯಿಯನ್ನು ಅಂಗೈಯಲ್ಲಿ ಬಿಸಿಮಾಡಿ ಮೊಮ್ಮಗಳ ಎದೆಗೆ ತಿಕ್ಕಿದಳು, ಅದರಲ್ಲೇ ಅದ್ದಿದ ಸಾಕ್ಸನ್ನು ಕಾಲಿಗೆ ಹಾಕಿದಳು. ಅವಳ ಅಂಗೈಯಡಿ ಆ ಪುಟ್ಟ ಎದೆಗೂಡು ಒಳಗೊಳಗೇ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಅದನ್ನು ಅವಳು ಕೇಳಿಸಿಕೊಂಡಳು. ಆಮೇಲೆ ಹೊದಿಕೆ ಎಳೆದಳು.

*

ಅರಿವಳಿಕೆಯ ವೈದ್ಯೆ ಇಸಿದೋರಾಗೆ ಇನ್ನೂ ನಲವತ್ತು ದಾಟಿರಲಾರದು. ನಿದ್ದೆಗೆಟ್ಟ ಕಣ್ಣು, ಮೆಲು ದನಿ. ಗಾಜಿನ ಹಲಗೆಯ ಮೇಜಿನಾಚೆ ಕೂತು ಒಂದೊಂದೇ ಪ್ರಶ್ನೆ ಕೇಳಿದಳು. ಒಳಗೆ ಬರುವ ಮೊದಲು ಜಾಗೊರ್ಕಾ ಹುಡುಗಿಗೆ ಎರಡು ಚಮಚ ಜೇನು ತಿನ್ನಿಸಿದ್ದಳು. ನೇದಾ ತುಟಿ ನೆಕ್ಕುತ್ತ ಸುಮ್ಮನೆ ಕೂತಿದ್ದಳು.

ಔಷಧಿ ಯಾವುದಾದರೂ ಒಗ್ಗುವುದಿಲ್ಲವೇ? ಇಲ್ಲ. ಹಿಂದೆ ಆಪರೇಷನ್? ಇಲ್ಲ. ಈ ಎರಡು ಮೂರು ವಾರದಲ್ಲಿ ನೆಗಡಿ, ಕೆಮ್ಮು? ಇಲ್ಲ. ಈ ಮೂರನೆಯ ಇಲ್ಲವೂ ಮೊದಲ ಎರಡರಷ್ಟೇ ಸಲೀಸಾಗಿ ಬಂತು.

"ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ ಅಮ್ಮ?"

"ನಾನೇ ಸೇದ್ತೀನಿ ಡಾಕ್ಟರಮ್ಮ. ಅಡುಗೆಮನೇಲಿ. ಬಾಗಿಲು ಮುಚ್ಕೊಂಡು."

ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ವೈದ್ಯೆ ಮೆಚ್ಚಿದವಳಂತೆ ತಲೆಯಾಡಿಸಿದಳು. ಅಷ್ಟು ಮಾಡುವವರೂ ಕಡಿಮೆ ಎಂದಳು. ಮುಚ್ಚಿದ ಆ ಬಾಗಿಲ ಯಾವ ಬದಿಯಲ್ಲಿ ಮಗು ಇರುತ್ತದೆ ಎಂದು ಅವಳು ಕೇಳಲಿಲ್ಲ, ಜಾಗೊರ್ಕಾ ಹೇಳಲಿಲ್ಲ.

ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಹುಡುಗಿ ಉಸಿರು ಬಿಗಿಹಿಡಿದು ಕೂತಳು. ಇಸಿದೋರಾ ಎರಡು ಸಲ ಕೇಳಿಸಿಕೊಂಡು, ಸರಿ ಎಂದಳು. ನಾಳೆ ಏನು ಮಾಡುತ್ತೇವೆ ಎಂದು ಹುಡುಗಿಗೇ ಹೇಳಿದಳು: ಹೊಟ್ಟೆಯನ್ನು ಬಲೂನಿನ ಹಾಗೆ ಉಬ್ಬಿಸಿ, ಸಣ್ಣ ಕ್ಯಾಮೆರಾ ಬಿಟ್ಟು ನೋಡುತ್ತೇವೆ, ನೀನು ಮಲಗಿರುತ್ತೀಯ, ನಿನ್ನ ಬದಲು ಒಂದು ಯಂತ್ರ ಉಸಿರಾಡುತ್ತದೆ.

"ಅದಕ್ಕೆ ಉಸಿರಾಡೋಕೆ ಬರುತ್ತಾ?" ಎಂದು ನೇದಾ ಕೇಳಿದಳು.

"ನಾನು ಹೇಳಿಕೊಟ್ಟ ಹಾಗೆ ಆಡುತ್ತೆ."

*

ಮರುದಿನ ನೇದಾಳನ್ನು ಗಾಲಿಯ ಮಂಚದಲ್ಲಿ ತಳ್ಳಿಕೊಂಡು ಹೋದ ಮೇಲೆ ಜಾಗೊರ್ಕಾ ಕಾರಿಡಾರಿನ ಬೆಂಚಿನಲ್ಲಿ ಒಬ್ಬಳೇ ಉಳಿದಳು. ಎದುರಿನ ಬೆಂಚಿನಲ್ಲಿ ಒಂದು ದೊಡ್ಡ ಸಂಸಾರ ಕೂತಿತ್ತು. ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ಎಲ್ಲರ ಮಡಿಲಲ್ಲೂ ತಿಂಡಿಯ ಪೊಟ್ಟಣ. ಅವರು ಒಂದು ತುಂಡು ಪನೀರು ರೊಟ್ಟಿ ಇವಳಿಗೂ ಕೊಟ್ಟರು. ಕೈಯಲ್ಲಿ ಹಿಡಿದಳು, ತಿನ್ನಲಾಗಲಿಲ್ಲ.

ಮಗ ರಾದಿಶಾ, ನೇದಾಳ ಅಪ್ಪ, ಸ್ಲೊವೇನಿಯಾದಲ್ಲಿ ಕಟ್ಟಡ ಕೆಲಸದಲ್ಲಿದ್ದ. ಬೆಳಿಗ್ಗೆ ಫೋನು ಮಾಡಿ, ರಜೆ ಸಿಗಲಿಲ್ಲ ಅಮ್ಮ, ಎಂದಿದ್ದ. ಅವನ ದನಿಯ ಹಿಂದೆ ಕಬ್ಬಿಣ ಕೊಯ್ಯುವ ಸದ್ದು. ಸೊಸೆ ಬೇರೆ ಮದುವೆಯಾಗಿ ಹೋಗಿ ವರ್ಷಗಳೇ ಆಗಿದ್ದವು. ಆ ಸೊಸೆಯ ಅಕ್ಕ ಮಿಲೆವಾ ಮಾತ್ರ ನೊವಿ ಸಾದ್‌ನಿಂದ ಆಗಾಗ ಫೋನು ಮಾಡುತ್ತಿದ್ದಳು. ಮಕ್ಕಳಿಲ್ಲದವಳು, ದೊಡ್ಡ ಮನೆ. ನಿಮಗೂ ವಯಸ್ಸಾಯಿತು, ಹುಡುಗಿಯನ್ನು ನಮ್ಮಲ್ಲಿಗೆ ಕಳಿಸಿ ಎಂದು ಎಷ್ಟು ಮೆತ್ತಗೆ ಹೇಳುತ್ತಿದ್ದಳೆಂದರೆ ಜಾಗೊರ್ಕಾಳಿಗೆ ಜಗಳವಾಡಲೂ ಆಗುತ್ತಿರಲಿಲ್ಲ. ಇಲ್ಲಿ ಎಲ್ಲವೂ ಸಸೂತ್ರವಾಗಿ ಮುಗಿಯಬೇಕು. ಅಜ್ಜಿಯೊಬ್ಬಳೇ ಎಲ್ಲ ನಿಭಾಯಿಸಿದಳು ಎನ್ನಿಸಿಕೊಳ್ಳಬೇಕು. ಅವಳು ಬೇಡಿಕೊಳ್ಳುತ್ತಿದ್ದದ್ದು ಇಷ್ಟೇ.

ಸಿಗರೇಟಿನ ಹಂಬಲಕ್ಕೆ ಕೈಬೆರಳು ಕೋಟಿನ ಜೇಬಿನೊಳಗೇ ಆಡುತ್ತಿತ್ತು. ಆದರೂ ಏಳಲಿಲ್ಲ. ಹೊರಗೆ ಹೋದ ಹೊತ್ತಿನಲ್ಲೇ ಕರೆದರೆ?

ಕರೆದರು. ಎರಡು ರೆಕ್ಕೆಯ ಬಾಗಿಲನ್ನು ಭುಜದಿಂದಲೇ ತಳ್ಳಿಕೊಂಡು ಒಬ್ಬ ನರ್ಸು ಹೊರಗೆ ಬಂದಳು. ಮುಖಗವಸು ತೆಗೆದಿರಲಿಲ್ಲ.

"ನೇದಾ ಕಡೆಯವರು ಯಾರು?"

ಜಾಗೊರ್ಕಾ ಎದ್ದು ನಿಂತಳು. ರೊಟ್ಟಿ ಕೆಳಗೆ ಬಿತ್ತು.

"ಡಾಕ್ಟರು ಕೇಳಿಕೊಂಡು ಬಾ ಅಂದ್ರು. ಮಗೂಗೆ ಆಸ್ತಮಾ ಇದೆಯಾ? ಕೆಮ್ಮು ಇತ್ತಾ? ಸರಿಯಾಗಿ ಹೇಳಿ, ಈಗ್ಲೇ ಬೇಕು."

ಎದುರಿನ ಸಂಸಾರವೆಲ್ಲ ಇತ್ತ ನೋಡುತ್ತಿತ್ತು. ಜಾಗೊರ್ಕಾಳ ನಾಲಿಗೆಯ ಮೇಲೆ ನಿನ್ನೆಯ ಆ ಸಲೀಸಾದ 'ಇಲ್ಲ' ಇನ್ನೂ ಕೂತಿತ್ತು. ಈಗ ಹೌದು ಎಂದರೆ ಸುಳ್ಳು ಹೇಳಿದವಳಾಗುತ್ತೇನೆ. ಮಗನಿಗೆ ತಿಳಿಯುತ್ತದೆ. ಮಿಲೆವಾಗೆ ತಿಳಿಯುತ್ತದೆ. ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ. ಆಮೇಲೆ ಒಲೆಯ ಹಿಂದಿನ ಆ ಮೂಲೆ ಖಾಲಿ.

ನರ್ಸು ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದಳು. ಬಾಗಿಲು ಅವಳ ಹಿಂದೆ ಇನ್ನೂ ಅಲ್ಲಾಡುತ್ತಿತ್ತು. ಒಳಗಿನಿಂದ ಏನೋ ಒಂದು ಯಂತ್ರ ಬಿಡದೆ ಕೂಗಿಕೊಳ್ಳುವುದು ಕೇಳುತ್ತಿತ್ತು.

"ಕೆಮ್ಮು ಇದೆ," ಎಂದಳು ಜಾಗೊರ್ಕಾ. "ವಾರದ ಮೇಲಾಯ್ತು. ಎದೇಲಿ ಸಿಳ್ಳೆ ಬರುತ್ತೆ. ನಿನ್ನೆ ನಾನು ಇಲ್ಲ ಅಂದೆ." ನರ್ಸು ತಿರುಗಿದಳು. ಜಾಗೊರ್ಕಾ ಅವಳ ತೋಳು ಹಿಡಿದುಕೊಂಡಳು. "ಇನ್ನೊಂದು ಇದೆ. ಅವಳು ಮಲಗೋದು ಅಡುಗೆಮನೇಲೇ. ನಾವು ಮೂರು ಜನ ಅಲ್ಲೇ ಸೇದ್ತೀವಿ. ಬಾಗಿಲು ಮುಚ್ಕೊಂಡು."

ನರ್ಸು ಒಳಗೆ ಓಡಿದಳು. ಎದುರಿನ ಬೆಂಚಿನ ಅಜ್ಜಿ ಕೆಳಗೆ ಬಿದ್ದಿದ್ದ ರೊಟ್ಟಿಯನ್ನು ಎತ್ತಿ, ಕಾಗದದಲ್ಲಿ ಸುತ್ತಿ ಬದಿಗಿಟ್ಟಳು. ಅದಾದ ಮೇಲೆ ಆ ಸಂಸಾರದವರು ಯಾರೂ ಜಾಗೊರ್ಕಾಳ ಜೊತೆ ಮಾತಾಡಲಿಲ್ಲ.

*

ಇಸಿದೋರಾ ಹೊರಗೆ ಬಂದಾಗ ಅವಳ ಟೋಪಿಯ ಅಂಚು ಬೆವರಿಗೆ ಕಪ್ಪಾಗಿತ್ತು. ಬಂದವಳೇ ಬೆಂಚಿನ ಮೇಲೆ, ಜಾಗೊರ್ಕಾಳ ಪಕ್ಕದಲ್ಲಿ, ಕುಸಿದ ಹಾಗೆ ಕೂತಳು.

"ಬದುಕಿದಾಳೆ," ಎಂದಳು ಮೊದಲು. "ಆಪರೇಷನ್ನೂ ಮುಗೀತು. ಆದ್ರೆ ಕೊಳವೆ ಇನ್ನೂ ತೆಗೆದಿಲ್ಲ. ಉಸಿರಿನ ದಾರಿ ಶಾಂತ ಆಗೋ ತನಕ ಯಂತ್ರದ ಮೇಲೇ ಇರ್ತಾಳೆ."

ಜಾಗೊರ್ಕಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಏನಾಯಿತು ಎಂದು ಕೇಳುವ ಧೈರ್ಯ ಬರಲಿಲ್ಲ. ವೈದ್ಯೆಯೇ ಹೇಳಿದಳು, ಬೈಯುವ ದನಿಯಲ್ಲಲ್ಲ, ಆ ದಾರಿಯನ್ನು ತಾನೂ ಇನ್ನೊಮ್ಮೆ ನಡೆದು ನೋಡುವವಳಂತೆ.

"ಹೊಟ್ಟೆಯೊಳಗೆ ಕೈಯಾಡಿಸೋಕೆ ಜಾಗ ಬೇಕು. ಅದಕ್ಕೇ ಗ್ಯಾಸ್ ತುಂಬಿ ಉಬ್ಬಿಸ್ತೀವಿ. ಆ ಉಬ್ಬು ಕೆಳಗಿಂದ ಶ್ವಾಸಕೋಶವನ್ನ ಒತ್ತುತ್ತೆ. ಮಗು ತಾನಾಗಿ ಉಸಿರಾಡಲ್ಲ, ಯಂತ್ರವೇ ಮೇಲಿಂದ ಗಾಳಿ ತಳ್ಳಬೇಕು. ಅದೂ ಅಳತೆ ಮೀರಬಾರದು, ಎಳೇ ಶ್ವಾಸಕೋಶ, ತಡೆಯಲ್ಲ. ದೊಡ್ಡವರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದ್ರೂ ನಡೆಯುತ್ತೆ, ಮಕ್ಕಳಲ್ಲಿ ಅಷ್ಟು ಜಾಗ ಇಲ್ಲ. ನಿಮ್ಮ ಹುಡುಗೀದು ಗ್ಯಾಸ್ ತುಂಬ್ತಿದ್ದ ಹಾಗೇ ದಾರಿ ಬಿಗಿದುಕೊಳ್ತು. ನಾನು ತಳ್ಳಿದ ಗಾಳಿ ಒಳಗೇ ಹೋಗ್ಲಿಲ್ಲ."

"ನಾನು ಹೇಳಿದ್ದು..."

"ಉಪಯೋಗಕ್ಕೆ ಬಂತು. ಕೊಳವೆ ಜಾರಿತೋ, ಕಟ್ಟಿಕೊಳ್ತೋ, ಗ್ಯಾಸ್ ಬೇರೆ ಕಡೆ ನುಗ್ಗಿತೋ, ನಾವು ಹುಡುಕ್ತಾ ಇದ್ವಿ. ಹೊಟ್ಟೆಯಿಂದ ಗ್ಯಾಸ್ ಬಿಡಿಸಿ, ಸರಿಯಾದ ಔಷಧಿ ಬೇಗ ಕೊಟ್ವಿ. ದಾರಿ ತೆರೀತು." ಅವಳು ಟೋಪಿ ತೆಗೆದಳು. "ನಿನ್ನೇನೇ ಹೇಳಿದ್ದಿದ್ರೆ ಮಗೂನ ಮನೆಗೆ ಕಳಿಸ್ತಿದ್ದೆ ಅಮ್ಮ. ಕೆಮ್ಮು ವಾಸಿಯಾದ ಮೇಲೆ ಬನ್ನಿ ಅಂತ."

"ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ."

ಜಾಗೊರ್ಕಾಳೊಳಗೆ ಏನೋ ಒಂದು ಹಟ ಇನ್ನೂ ಸತ್ತಿರಲಿಲ್ಲ. ನಾವೆಲ್ಲ ಹೊಗೆಯಲ್ಲೇ ಬೆಳೆದವರು ಎಂದಳು. ಅಪ್ಪ ತೊಟ್ಟಿಲು ತೂಗುತ್ತಲೇ ಸೇದುತ್ತಿದ್ದ, ಮಗನೂ ಅದೇ ಅಡುಗೆಮನೆಯಲ್ಲಿ ಬೆಳೆದ, ಯಾರಿಗೂ ಏನೂ ಆಗಲಿಲ್ಲ. ಎದೆಗೆ ತಗುಲಿದ್ದು ಸಂದಿಗಾಳಿಯೇ, ಶಿಶುವಿಹಾರದಲ್ಲಿ ಕಿಟಕಿ ತೆಗೆಯುತ್ತಾರೆ.

"ನಮ್ಮಮ್ಮ ಸುಡು ಬೇಸಿಗೇಲೂ ಕಿವಿಗೆ ಹತ್ತಿ ಇಟ್ಕೊಂಡೇ ಬಸ್ಸು ಹತ್ತೋದು," ಎಂದಳು ಇಸಿದೋರಾ. "ಅವರಿಗೆ ಹೇಳಿ ನಾನು ಗೆದ್ದಿಲ್ಲ, ನಿಮಗೇನು ಹೇಳ್ಲಿ. ಕಿಟಕಿ ತೆಗೆದ ಕೋಣೇಲಿದ್ದ ಮಗು ನನ್ನ ಕೈಯಲ್ಲಿ ಯಾವತ್ತೂ ಹೀಗೆ ಬಿಗಿದುಕೊಂಡಿಲ್ಲ. ಹೊಗೆ ತುಂಬಿದ ಮನೆಯಿಂದ ಬಂದವು ಬಿಗಿದುಕೊಂಡಿವೆ. ನಾನು ಕಂಡದ್ದು ಇಷ್ಟು."

ಅವಳು ಕೈಬೆರಳುಗಳನ್ನು ಬಿಡಿಸಿ ನೋಡಿಕೊಂಡಳು. ಆ ಬೆರಳುಗಳಿಂದ, ಸೋಪಿನ ವಾಸನೆಯ ಅಡಿಯಿಂದ, ಜಾಗೊರ್ಕಾಳಿಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ವಾಸನೆ ಬಂತು. ವೈದ್ಯೆ ಅವಳ ನೋಟವನ್ನು ಗಮನಿಸಿದಳು.

"ಹೌದು, ನಾನೂ ಸೇದ್ತೀನಿ. ಈಗ ಕೆಳಗೆ ಹೋಗಿ ಸೇದ್ತೀನಿ, ಆಮೇಲೆ ಅಂಗಿ ಬದಲಾಯಿಸಿ ಮೇಲೆ ಬರ್ತೀನಿ. ನೀವು ಸಿಗರೇಟು ಬಿಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಆ ಹುಡುಗಿ ಇರೋ ಕೋಣೇಲಿ ಬೇಡ. ನೀವೂ ಬೇಡ, ನಿಮ್ಮ ಮನೆಗೆ ಬರೋರೂ ಬೇಡ."

"ಬರೋರಿಗೆ ಹೇಗೆ ಹೇಳೋದು ಡಾಕ್ಟರಮ್ಮ? ನನಗೆ ಇರೋರೇ ಅವರು."

ಇಸಿದೋರಾ ಎದ್ದು, ಜಾಗೊರ್ಕಾಳ ಭುಜವನ್ನು ಒಮ್ಮೆ ಅದುಮಿ ಮೆಟ್ಟಿಲ ಕಡೆ ನಡೆದಳು.

*

ಒಳಗೆ ಬಿಟ್ಟಾಗ ನೇದಾ ಬಿಳಿ ಹೊದಿಕೆಯಡಿ ಇನ್ನೂ ಚಿಕ್ಕವಳಾಗಿ ಕಂಡಳು. ಬಾಯಿಂದ ಹೊರಟ ಕೊಳವೆ ಕೆನ್ನೆಗೆ ಅಂಟಿಸಿತ್ತು. ಯಂತ್ರ ಅವಳ ಎದೆಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಎಲ್ಲ ಉಸಿರೂ ಒಂದೇ ಅಳತೆ. ಮಗುವಿನ ಉಸಿರು ಹಾಗಿರುವುದಿಲ್ಲ ಎಂದು ಜಾಗೊರ್ಕಾಳಿಗೆ ಗೊತ್ತಿತ್ತು. ಕನಸಿನಲ್ಲಿ ಅದು ಓಡುತ್ತದೆ, ನಿಟ್ಟುಸಿರು ಬಿಡುತ್ತದೆ, ನಗುತ್ತದೆ. ಇದು ಯಾರದೂ ಅಲ್ಲದ ಉಸಿರು.

ಕುರ್ಚಿ ಎಳೆದು ಕೂತಳು. ಸ್ವಲ್ಪ ಹೊತ್ತಿಗೆ ತನ್ನ ಉಸಿರೂ ಯಂತ್ರದ ಜೊತೆಗೇ ಏಳುತ್ತ ಇಳಿಯುತ್ತಿದೆ ಎಂದು ಗೊತ್ತಾಯಿತು. ಅದನ್ನು ಬಿಡಿಸಿಕೊಳ್ಳಲು ಹೋಗಲಿಲ್ಲ. ಒಟ್ಟಿಗೆ ಉಸಿರಾಡುವಷ್ಟು ಹತ್ತಿರಕ್ಕೆ ಆ ದಿನ ಅವಳಿಗೆ ಇನ್ಯಾರೂ ಇರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊಳವೆ ತೆಗೆದರು. ನೇದಾ ಕೆಮ್ಮಿದಳು, ಅತ್ತಳು, ಬಿರುಕು ಬಿಟ್ಟ ದನಿಯಲ್ಲಿ ನೀರು ಕೇಳಿದಳು. ಇಸಿದೋರಾ ಅವಳ ತಲೆದಿಂಬನ್ನು ಎತ್ತರ ಮಾಡಿ, ಇನ್ನು ಮೇಲೆ ನೀನೇ ಉಸಿರಾಡಿಕೊಳ್ಳಬೇಕು ಮಹಾರಾಯ್ತಿ, ನನಗೆ ಸಾಕಾಯಿತು, ಎಂದಳು.

ಆ ಸಂಜೆ ಮಗನಿಗೆ ಫೋನು ಮಾಡಿ ಜಾಗೊರ್ಕಾ ಎಲ್ಲವನ್ನೂ ಹೇಳಿದಳು. ಜೇನು ತಿನ್ನಿಸಿದ್ದನ್ನೂ ಬಿಡಲಿಲ್ಲ. ನಾನೇ ಅಲ್ಲಿರಬೇಕಿತ್ತು ಎಂದ ರಾದಿಶಾ. ಅದಾದ ಮೇಲೆ ಇನ್ನೊಂದು ಮಾತು.

"ಇನ್ನೊಂದು ಸಲ ಹೀಗೆ ಆದ್ರೆ ಅಮ್ಮ, ಅವಳು ಮಿಲೆವಾ ಮನೇಲಿ ಇರ್ಲಿ. ಸಿಟ್ಟಲ್ಲಿ ಹೇಳ್ತಿಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

*

ಮನೆಗೆ ಬಂದ ಮೊದಲ ಬೆಳಿಗ್ಗೆ ಕಾಫಿಯ ಹೊತ್ತಿಗೆ ಗೆಳತಿಯರು ಬಂದರು. ನೇದಾಳನ್ನು ಮುದ್ದಾಡಿದರು, ಚಾಕೊಲೇಟು ಕೊಟ್ಟರು. ಕೊಸಾರಾ ಕೂತು ಸಿಗರೇಟು ತೆಗೆದಳು. ಜಾಗೊರ್ಕಾ, ಇಲ್ಲಿ ಬೇಡ ಕಣೇ, ಎಂದಳು. ಅಷ್ಟು ಹೇಳಲು ಅವಳು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದಳು. ಕಟ್ಟಿದ್ದೆಲ್ಲ ಮರೆತು ಅಷ್ಟೇ ಹೊರಬಂತು.

ಇಬ್ಬರೂ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಸ್ತಾನಾ, ಪಾಪ, ಹೆದರಿದ್ದಾಳೆ, ಎಂದಳು. ಇಬ್ಬರೂ ಅಂಗಳಕ್ಕೆ ಹೋಗಿ, ಎಲೆ ಉದುರಿದ ದ್ರಾಕ್ಷಿ ಬಳ್ಳಿಯ ಕೆಳಗೆ ನಿಂತು ಸೇದಿ, ಮೂಗು ಕೆಂಪಗೆ ಮಾಡಿಕೊಂಡು ಒಳಗೆ ಬಂದರು. ಕಾಫಿ ಆರಿತ್ತು. ಮೂರ್ನಾಲ್ಕು ದಿನ ಹೀಗೇ ನಡೆಯಿತು. ಆಮೇಲೆ ಕಾಫಿ ಸ್ತಾನಾಳ ಮನೆಯಲ್ಲಿ ಶುರುವಾಯಿತು. ನೀನೂ ಬಾ ಎಂದು ಕರೆದರು, ಕರೆಯಲಿಲ್ಲ ಎನ್ನುವಂತಿಲ್ಲ. ಆದರೆ ನೇದಾಳನ್ನು ಒಬ್ಬಳೇ ಬಿಟ್ಟು ಹೋಗುವುದು ಹೇಗೆ, ಕರೆದುಕೊಂಡು ಹೋಗುವುದು ಹೇಗೆ?

ಅಂಗಳದಾಚೆಯಿಂದ ಕೊಸಾರಾಳ ನಗು ಕೇಳುತ್ತಿತ್ತು. ಜಾಗೊರ್ಕಾ ಅಭ್ಯಾಸ ಬಲದಿಂದ ಮೂರು ಬಟ್ಟಲು ತೆಗೆದು, ಎರಡನ್ನು ವಾಪಸು ಇಡುತ್ತಿದ್ದಳು. ಸಿಗರೇಟನ್ನು ಪೂರ್ತಿ ಬಿಡಲು ಅವಳಿಂದ ಆಗಲಿಲ್ಲ. ಕಟ್ಟಿಗೆ ಕೊಟ್ಟಿಗೆಯಲ್ಲಿ, ಸತ್ತ ಗಂಡನ ಹಳೆಯ ಕೋಟು ತೊಟ್ಟು, ಸೌದೆಯ ಮೇಲೆ ಕೂತು ಸೇದುತ್ತಿದ್ದಳು. ಕೋಟನ್ನು ಅಲ್ಲೇ ಮೊಳೆಗೆ ತಗುಲಿಸಿ, ಕೈಮುಖ ತೊಳೆದು ಒಳಗೆ ಬರುತ್ತಿದ್ದಳು. ಗೋಡೆಗಳನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿದಾಗ ಬಟ್ಟೆಯಿಂದ ಹಿಂಡಿದ ನೀರು ಕಾಫಿಯ ಬಣ್ಣಕ್ಕಿತ್ತು. ಬರಿಯ ಗೋಡೆಗೇ ಇಷ್ಟು ಅಂಟಿದ್ದರೆ, ಎಂದುಕೊಂಡು, ಆ ಯೋಚನೆಯನ್ನು ಮುಂದಕ್ಕೆ ಹೋಗಲು ಬಿಡದೆ ಇನ್ನೂ ಜೋರಾಗಿ ಉಜ್ಜಿದಳು.

ಡಿಸೆಂಬರಿನಲ್ಲಿ ಮನೆತನದ ಸಂತ ನಿಕೊಲಾನ ಹಬ್ಬ ಬಂತು. ಆ ದಿನಕ್ಕೆ ಯಾರನ್ನೂ ಆಹ್ವಾನಿಸುವ ಪದ್ಧತಿ ಇಲ್ಲ. ನೆನಪಿದ್ದವರು ಬರುತ್ತಾರೆ, ಬಂದವರನ್ನು ಮನೆಯವರು ನಿಂತೇ ಸತ್ಕರಿಸುತ್ತಾರೆ. ಬಂದ ಅತಿಥಿಯ ಮನಸ್ಸು ನೋಯಿಸಿದರೆ ಸಂತನಿಗೇ ಬೆನ್ನು ಮಾಡಿದಂತೆ. ಉಪವಾಸದ ಕಾಲದ ಹಬ್ಬ, ಆದ್ದರಿಂದ ಮಾಂಸವಿಲ್ಲ, ಮೀನು ನಡೆಯುತ್ತದೆ. ಜಾಗೊರ್ಕಾ ಮೀನು ಹುರಿದಳು, ಹುರುಳಿಕಾಯಿ ಬೀಜವನ್ನು ಈರುಳ್ಳಿಯ ಜೊತೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದಳು, ಗೋಧಿಯನ್ನು ಬೇಯಿಸಿ ಅಕ್ರೋಟಿನ ಪುಡಿ, ಸಕ್ಕರೆ ಬೆರೆಸಿದಳು. ಹಬ್ಬದ ರೊಟ್ಟಿಯ ಮೇಲೆ ಹಿಟ್ಟಿನಿಂದಲೇ ಹಕ್ಕಿ, ತೆನೆ ಮಾಡಿ ಅಂಟಿಸಿದಳು. ನೇದಾ ಒಂದು ಹಕ್ಕಿಗೆ ಮೂರು ಕಾಲು ಮಾಡಿದಳು.

ರಾದಿಶಾ ಇಲ್ಲದ ವರ್ಷಗಳಲ್ಲಿ ರೊಟ್ಟಿ ಮುರಿಯಲು ಬರುತ್ತಿದ್ದವನು ಮೈದುನ ಜಿವೊಯಿನ್. ಮನೆತನದ ಹಿರಿಯ ಗಂಡಸು ಈಗ ಅವನೇ. ಅವನು ಬಂದ, ಅವನ ಹೆಂಡತಿ ಬಂದಳು, ಕೊಸಾರಾ, ಸ್ತಾನಾ ಹಬ್ಬದ ಬಟ್ಟೆಯಲ್ಲಿ ಬಂದರು. ಮೇಣದ ಬತ್ತಿ ಹಚ್ಚಿತ್ತು. ಎಲ್ಲರೂ ಒಂದೊಂದು ಚಮಚ ಗೋಧಿ ತಿಂದು, ರಾಕಿಯಾ ಎತ್ತಿ ಹಬ್ಬದ ಶುಭ ಕೋರಿದರು. ಕೋಣೆಯಲ್ಲಿ ಇಷ್ಟು ದನಿ ಕೇಳಿ ಎಷ್ಟು ದಿನವಾಗಿತ್ತೋ.

ಜಿವೊಯಿನ್ ಕುರ್ಚಿಗೆ ಒರಗಿ ಜೇಬಿನಿಂದ ಪೊಟ್ಟಣ ತೆಗೆದ. ಮೇಜಿನ ಮೇಲೆ ಕಣ್ಣಾಡಿಸಿದ.

"ಅತ್ತಿಗೆ, ಬೂದಿ ಬಟ್ಟಲು ಎಲ್ಲಿ?"

ಕೊಸಾರಾ, ಸ್ತಾನಾ ತಟ್ಟೆ ನೋಡಿಕೊಂಡು ಕೂತರು. ಜಾಗೊರ್ಕಾ ಬಾಣಲೆಯನ್ನು ಕೆಳಗಿಟ್ಟಳು.

"ಇಲ್ಲ ಜಿವೊಯಿನ್. ಮಗು ಇರೋ ಕೋಣೆ. ಅಂಗಳದಲ್ಲಿ ಕುರ್ಚಿ ಹಾಕಿದೀನಿ, ಕಂಬಳಿ ಇದೆ."

"ಹಬ್ಬದ ದಿನ ನನ್ನನ್ನ ಅಂಗಳದಲ್ಲಿ ಕೂರಿಸ್ತೀಯಾ? ಇದು ನನ್ನಣ್ಣನ ಮನೆ. ಇದೇ ಮೇಜಲ್ಲಿ ನಮ್ಮಪ್ಪ ಸೇದಿದಾನೆ, ಪಾದ್ರಿ ಸೇದಿದಾನೆ."

ಅವನ ಹೆಂಡತಿ, ಒಂದೇ ಒಂದು ಸೇದಲಿ ಬಿಡಿ ಅಕ್ಕ, ರೊಟ್ಟಿ ಮುರಿಯೋನು ಅವನೇ ಅಲ್ಲವೇ, ಎಂದು ಮೆಲ್ಲಗೆ ಹೇಳಿದಳು. ಮಗುವನ್ನು ಸ್ವಲ್ಪ ಹೊತ್ತು ಆ ಇನ್ನೊಂದು ಕೋಣೆಗೆ ಕಳಿಸಬಹುದಲ್ಲ, ಎಂದಳು ಸ್ತಾನಾ. ಆ ಕೋಣೆಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ನೇದಾ ಕುರ್ಚಿಯಿಂದ ಇಳಿಯಲು ಹೊರಟಳು. ದೊಡ್ಡವರು ಸಿಟ್ಟಾಗಿದ್ದರೆ ತಾನು ಎಲ್ಲಿಗಾದರೂ ಹೋಗಬೇಕು ಎಂಬುದು ಆ ಮಗುವಿಗೆ ಹೇಗೋ ಗೊತ್ತಿತ್ತು.

"ನೀನು ಕೂತ್ಕೋ," ಎಂದಳು ಜಾಗೊರ್ಕಾ. ಆಮೇಲೆ ಮೈದುನನ ಕಡೆ ತಿರುಗಿದಳು. "ಅವಳ ಉಸಿರು ನಿಂತಿತ್ತು ಜಿವೊಯಿನ್. ನಾನು ಬಾಗಿಲ ಹೊರಗೆ ಕೂತಿದ್ದೆ. ನೀನು ಬಂದದ್ದು ನನಗೆ ದೊಡ್ಡದು. ಆದ್ರೆ ಇಲ್ಲಿ ಬೇಡ."

ಜಿವೊಯಿನ್ ಪೊಟ್ಟಣವನ್ನು ಜೇಬಿಗಿಟ್ಟ. ಎದ್ದು, ಬತ್ತಿಯ ಕಡೆ ತಿರುಗಿ ಶಿಲುಬೆಯ ಗುರುತು ಮಾಡಿ, ಟೋಪಿ ಹಾಕಿಕೊಂಡ. ಬೈಯಲಿಲ್ಲ. ಹೆಂಡತಿ ಹಿಂದೆಯೇ ಹೋದಳು. ಸ್ತಾನಾ ಅವರನ್ನು ಸಮಾಧಾನ ಮಾಡುವ ನೆವದಲ್ಲಿ ಹೊರಟಳು, ಹಿಂತಿರುಗಲಿಲ್ಲ. ಕೊಸಾರಾ ಮಾತ್ರ ಅಂಗಳದ ಕುರ್ಚಿಯಲ್ಲಿ ಕಂಬಳಿ ಹೊದ್ದು ಒಂದು ಸಿಗರೇಟು ಮುಗಿಸಿ, ಬಾಗಿಲಲ್ಲಿ ತಲೆ ಹಾಕಿದಳು. ಒಳಗೆ ಬರುವುದೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ನಿಂತಳು.

"ಮೀನು ಚೆನ್ನಾಗಿ ಬಂದಿತ್ತು ಕಣೇ," ಎಂದಳು. "ಹೋಗಿ ಬರ್ತೀನಿ."

ಹುರಿದ ಮೀನು ಎಲ್ಲರ ತಟ್ಟೆಯಲ್ಲೂ ಹಾಗೇ ಇತ್ತು, ಕೊಸಾರಾಳ ತಟ್ಟೆಯಲ್ಲೂ. ಜಾಗೊರ್ಕಾ ರೊಟ್ಟಿಯನ್ನು ಎತ್ತಿ ತಂದಳು. ಮನೆಯ ಗಂಡಸು ಹಿಡಿಯಬೇಕಾದ ಬದಿಯನ್ನು ನೇದಾಳ ಕೈಗೆ ಕೊಟ್ಟು, ಇನ್ನೊಂದು ಬದಿಯನ್ನು ತಾನು ಹಿಡಿದಳು. ಇಬ್ಬರೂ ಪದ್ಧತಿಯಂತೆ ಅದನ್ನು ನಿಧಾನವಾಗಿ ತಿರುಗಿಸಿದರು. ವೈನು ಸುರಿದು ಮುರಿದಾಗ ದೊಡ್ಡ ಪಾಲು ನೇದಾಳ ಕೈಯಲ್ಲಿ ಉಳಿಯಿತು, ಮೂರು ಕಾಲಿನ ಹಕ್ಕಿಯ ಸಮೇತ.

ತಿಂದದ್ದಾಯಿತು. ಹೊರಗೆ ಬೆಳಕು ಇಳಿಯುತ್ತಿತ್ತು. ಹಬ್ಬದ ಬತ್ತಿಯನ್ನು ಬಾಯಿಂದ ಊದಬಾರದು. ಮನೆಯ ಯಜಮಾನ ಒಂದು ಹನಿ ವೈನು ಬಿಟ್ಟು ಆರಿಸಬೇಕು. ಜಾಗೊರ್ಕಾ ವೈನಿನ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ನೇದಾ ಕುರ್ಚಿಯ ಮೇಲೆ ನಿಂತು, ಹುಟ್ಟುಹಬ್ಬದ ಮಕ್ಕಳ ಹಾಗೆ ಕೆನ್ನೆ ಉಬ್ಬಿಸಿ, ಎದೆ ತುಂಬ ಗಾಳಿ ಎಳೆದುಕೊಂಡು, ಉಫ್ ಎಂದು ಊದಿದಳು. ಉರಿ ಬಾಗಿತು, ಆರಿತು. ಹುಡುಗಿ ಕೆಮ್ಮಲಿಲ್ಲ. ತಪ್ಪು ಮಾಡಿದೆನೇನೋ ಎಂದು ಅಜ್ಜಿಯ ಮುಖ ನೋಡಿದಳು.

ಜಾಗೊರ್ಕಾ ಕಡ್ಡಿ ಗೀರಿ ಬತ್ತಿಯನ್ನು ಮತ್ತೆ ಹಚ್ಚಿದಳು.

"ಇನ್ನೊಂದು ಸಲ ಊದು," ಎಂದಳು.